ಲಂಡನ್‌ನಲ್ಲಿ ನಾಲ್ಕು ದಿನ: ಟ್ಯೂಬೋ, ಕೆಂಪು ಬಸ್ಸೋ, ದೋಣಿಯೋ?

ಅಮ್ಮನಿಗೆ ಮೊಣಕಾಲು ನೋವು. 2024ರಲ್ಲಿ ಅವರನ್ನು ಕರೆದುಕೊಂಡು ಲಂಡನ್‌ಗೆ ಹೋದಾಗ ಕೈಯಲ್ಲಿದ್ದದ್ದು ನಾಲ್ಕೇ ದಿನ. ನೋಡಬೇಕಾದ ಜಾಗಗಳ ಪಟ್ಟಿ ಬೇಗ ಆಯಿತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ಹೋಗೋದು ಅನ್ನೋದೇ ತಲೆಬಿಸಿ. ಕೊನೆಗೆ ಟ್ಯೂಬ್ ಅನ್ನುವ ನೆಲದಡಿಯ ರೈಲು, ಊರಿನ ಕೆಂಪು ಬಸ್, ಪ್ರವಾಸಿಗಳ ಟೂರ್ ಬಸ್, ಥೇಮ್ಸ್ ನದಿಯ ದೋಣಿ, ನಡಿಗೆ ಎಲ್ಲವನ್ನೂ ಮಾಡಿ ನೋಡಿದೆವು. ನಾನು ಕಣ್ಣುಮುಚ್ಚಿ ಆರಿಸೋದು ಕೆಂಪು ಬಸ್ಸನ್ನೇ.

ಮೊದಲ ದಿನ ಎಲ್ಲರ ಹಾಗೆ ಟ್ಯೂಬ್ ಹಿಡಿದೆವು. 1863ರಲ್ಲಿ ಶುರುವಾದ ರೈಲು, ನೆಲದಡಿ ಓಡುವ ರೈಲುಗಳಲ್ಲಿ ಜಗತ್ತಿಗೇ ಮೊದಲನೆಯದು. ವೇಗದಲ್ಲಿ ಇದಕ್ಕೆ ಸಾಟಿ ಇಲ್ಲ, ನಿಜ. ಆದರೆ ಲೆಸ್ಟರ್ ಸ್ಕ್ವೇರ್‌ನಿಂದ ಕೋವೆಂಟ್ ಗಾರ್ಡನ್‌ಗೆ ಅದರಲ್ಲೇ ಹೋಗಿ ತಪ್ಪು ಮಾಡಿದೆ. ಆ ಎರಡು ನಿಲ್ದಾಣಗಳ ನಡುವೆ ಇರುವುದು ಸುಮಾರು 260 ಮೀಟರ್ ಅಷ್ಟೆ. ರೈಲಿಗೆ ಒಂದು ನಿಮಿಷವೂ ಬೇಡ. ಕೆಳಗಿಳಿದು, ಸುರಂಗದಲ್ಲಿ ನಡೆದು, ಕಾದು, ಮತ್ತೆ ಮೇಲೆ ಬರುವಷ್ಟರಲ್ಲಿ ಕಾಲು ಗಂಟೆ ಹೋಯಿತು. ಕೋವೆಂಟ್ ಗಾರ್ಡನ್‌ನಲ್ಲಿ ಲಿಫ್ಟ್ ಮುಂದೆ ಜನವೋ ಜನ. ಬೇಡ ಅಂದರೆ 193 ಮೆಟ್ಟಿಲು ಹತ್ತಬೇಕು! ಅಮ್ಮ ಗೋಡೆಗೆ ಒರಗಿ ನಿಂತು, "ಅಲ್ಲ ಕಣೇ, ನೆಲದೊಳಗೆ ಕೂತ್ಕೊಂಡು ಊರು ನೋಡೋದು ಹೇಗೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನ ಈ ತಪ್ಪಿನಲ್ಲಿ ಟ್ಯೂಬ್ ನಕ್ಷೆಯ ಪಾಲೂ ಇದೆ. ಹ್ಯಾರಿ ಬೆಕ್ ಅನ್ನುವವರು ಬರೆದ ನಕ್ಷೆ 1933ರಲ್ಲಿ ಬಂತು. ಇವತ್ತಿಗೂ ಅದೇ ಮಾದರಿ. ಎಲ್ಲಿ ಹತ್ತಬೇಕು, ಎಲ್ಲಿ ಬದಲಾಯಿಸಬೇಕು ಅನ್ನೋದು ಅದರಲ್ಲಿ ಥಟ್ಟನೆ ಗೊತ್ತಾಗುತ್ತೆ. ಆದರೆ ನಿಜವಾದ ದೂರ ಗೊತ್ತಾಗೋದಿಲ್ಲ. ಪಕ್ಕದ ಬೀದಿಯೂ ಎರಡು ಮೈಲಿ ಆಚೆಯ ನಿಲ್ದಾಣವೂ ಒಂದೇ ಅಂತರದಲ್ಲಿ ಕಾಣಬಹುದು. ಟ್ಯೂಬ್ ಹತ್ತುವ ಮುಂಚೆ ಫೋನಿನಲ್ಲಿ ಮಾಮೂಲಿ ನಕ್ಷೆಯನ್ನೂ ಒಮ್ಮೆ ನೋಡಿ. ಇನ್ನೊಂದು ಮಾತು, ಬೀದಿಯಿಂದ ರೈಲಿನವರೆಗೆ ಮೆಟ್ಟಿಲಿಲ್ಲದೆ ಹೋಗಬಹುದಾದ ನಿಲ್ದಾಣಗಳು ಹೆಚ್ಚುಕಮ್ಮಿ ಮೂರರಲ್ಲಿ ಒಂದು ಮಾತ್ರ. ವಯಸ್ಸಾದವರು ಜೊತೆಗಿದ್ದರೆ ಇದನ್ನು ಮೊದಲೇ ನೋಡಿಕೊಳ್ಳಲೇಬೇಕು.

ಎರಡನೇ ದಿನ ಬೆಳಿಗ್ಗೆ ಟೂರ್ ಬಸ್ ಹತ್ತಿದೆವು. ಬೇಕಾದಲ್ಲಿ ಇಳಿದು ಮತ್ತೆ ಹತ್ತುವ, ಮೇಲೆ ಛಾವಣಿ ಇಲ್ಲದ ಬಸ್. ವಿವರಣೆ ಚೆನ್ನಾಗಿತ್ತು. ಆದರೆ ಒಂದು ಸ್ಟಾಪ್‌ನಲ್ಲಿ ಇಳಿದ ಮೇಲೆ ಮುಂದಿನ ಬಸ್ಸಿಗೆ ನಲವತ್ತು ನಿಮಿಷ ಕಾದೆವು. ಸಣ್ಣ ಮಳೆ ಬೇರೆ. ಅಷ್ಟರಲ್ಲಿ ಅದೇ ದಾರಿಯಲ್ಲಿ ಊರಿನ ಕೆಂಪು ಬಸ್ಸುಗಳು ಒಂದರ ಹಿಂದೆ ಒಂದು ಹೋಗುತ್ತಲೇ ಇದ್ದವು. ಅಷ್ಟು ದುಡ್ಡು ಕೊಟ್ಟು ಮಳೆಯಲ್ಲಿ ನಿಲ್ಲಬೇಕಾ ಅನಿಸಿ, ಬಂದ ಕೆಂಪು ಬಸ್ ಹತ್ತಿಬಿಟ್ಟೆವು.

ಅಲ್ಲಿಂದ ನಮ್ಮ ಪ್ರವಾಸದ ಬಣ್ಣವೇ ಬದಲಾಯಿತು.

15ನೇ ನಂಬರಿನ ಬಸ್ಸನ್ನು ಟ್ರಫಾಲ್ಗರ್ ಸ್ಕ್ವೇರ್ ಹತ್ತಿರ ಹತ್ತಿ. ಮೇಲಿನ ಅಂತಸ್ತಿಗೆ ಹೋಗಿ ಎಲ್ಲಕ್ಕಿಂತ ಮುಂದಿನ ಸೀಟು ಹಿಡಿಯಿರಿ. ಕಣ್ಣೆದುರು ದೊಡ್ಡ ಗಾಜು, ನೇರ ಕೆಳಗೆ ರಸ್ತೆ. ಮರದ ಕೊಂಬೆಗಳು ಗಾಜಿಗೆ ಪಟಪಟ ಬಡಿಯುತ್ತವೆ. ಅಮ್ಮ ಮೊದಲ ಸಲ ತಲೆ ಬಗ್ಗಿಸಿಯೇ ಬಿಟ್ಟರು. ಸ್ಟ್ರ್ಯಾಂಡ್, ಫ್ಲೀಟ್ ಸ್ಟ್ರೀಟ್ ದಾಟಿ ಬಸ್ ಲಡ್ಗೇಟ್ ಹಿಲ್ ಏರು ಹತ್ತುವಾಗ ಸೇಂಟ್ ಪಾಲ್ಸ್ ಕತೀಡ್ರಲ್ ಎದುರಿಗೇ ಬರುತ್ತೆ. 1666ರ ಬೆಂಕಿಯಲ್ಲಿ ಹಳೆಯದು ಹಾಳಾದ ಮೇಲೆ ಕ್ರಿಸ್ಟೋಫರ್ ರೆನ್ ಕಟ್ಟಿಸಿದ್ದು. ಆ ಗುಮ್ಮಟ ಕಟ್ಟಡಗಳ ಸಂದಿಯಿಂದ ಸ್ವಲ್ಪ ಸ್ವಲ್ಪವಾಗಿ ಎದ್ದು ಬರುವುದನ್ನು ಟ್ಯೂಬ್‌ನಲ್ಲಿ ಹೋಗುವವರು ಕಳೆದುಕೊಳ್ಳುತ್ತಾರೆ. ಅದೇ ಬಸ್ ಟವರ್ ಆಫ್ ಲಂಡನ್‌ವರೆಗೂ ಹೋಗುತ್ತೆ.

ನಾವು ಹೋದಾಗ ಬಸ್ ದರ 1.75 ಪೌಂಡ್, ಎಷ್ಟೇ ದೂರ ಹೋದರೂ ಅಷ್ಟೇ. ಮೊದಲ ಸಲ ಕಾರ್ಡ್ ತೋರಿಸಿದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಾಯಿಸಿದರೂ ಮತ್ತೆ ದುಡ್ಡಿಲ್ಲ. ಟ್ಯೂಬ್‌ಗೆ ಊರ ನಡುವಿನ ಒಂದನೇ ವಲಯದೊಳಗೇ 2.70ರಿಂದ 2.80 ಪೌಂಡ್ ಆಗುತ್ತಿತ್ತು. ಬಸ್ಸಿನಲ್ಲಿ ನಗದು ತೆಗೆದುಕೊಳ್ಳಲ್ಲ, ಆಯ್ಸ್ಟರ್ ಅನ್ನುವ ಪ್ರಯಾಣದ ಕಾರ್ಡೋ ಬ್ಯಾಂಕ್ ಕಾರ್ಡೋ ಬೇಕು. ಇಬ್ಬರಿಗೆ ಒಂದೇ ಕಾರ್ಡ್ ನಡೆಯಲ್ಲ, ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಇರಬೇಕು.

ಬಸ್ಸಿಗೂ ಕೊರತೆ ಇದೆ. ಸಂಜೆ ಹೊತ್ತು ಟ್ರಾಫಿಕ್‌ನಲ್ಲಿ ಆಮೆಯ ಹಾಗೆ ಸಾಗುತ್ತೆ. ಟಿಕೆಟ್ ಕಾದಿರಿಸಿದ ಸಮಯಕ್ಕೆ ಎಲ್ಲಾದರೂ ಮುಟ್ಟಬೇಕಿದ್ದರೆ ಟ್ಯೂಬೇ ಸರಿ. ನೀವು ಮೇಲಿನ ಅಂತಸ್ತು ತಲುಪುವವರೆಗೂ ಬಸ್ ಕಾಯೋದಿಲ್ಲ. ಅಮ್ಮ ಹತ್ತುವಾಗ ನಾನು ಹಿಂದೆಯೇ ಇರುತ್ತಿದ್ದೆ, ಇಳಿಯುವಾಗ ಒಂದು ಸ್ಟಾಪ್ ಮುಂಚೆಯೇ ಏಳುತ್ತಿದ್ದೆವು. ಸುಸ್ತಾದ ದಿನ ಕೆಳಗೇ ಕೂತೆವು.

ಮೂರನೇ ದಿನ ಗ್ರೀನಿಚ್. ಹೋಗುವಾಗ ವೆಸ್ಟ್‌ಮಿನ್‌ಸ್ಟರ್‌ನಿಂದ ದೋಣಿ, ಬರುವಾಗ ಡಿಎಲ್‌ಆರ್ ಅನ್ನುವ ಚಾಲಕನ ಕೋಣೆಯೇ ಇಲ್ಲದ ರೈಲು. ದೋಣಿಗೆ ಬಸ್ಸಿನ ಹಲವು ಪಟ್ಟು ದುಡ್ಡು. ಆದರೂ ಒಂದು ಸಲ ಕೊಡಿ ಅನ್ನುತ್ತೇನೆ. 1894ರ ಟವರ್ ಬ್ರಿಡ್ಜ್‌ನ ಕೆಳಗೆ ಹಾದುಹೋಗುವಾಗ ಕತ್ತೆತ್ತಿ ನೋಡಿದರೆ ಅದರ ಭಾರ ಗೊತ್ತಾಗುತ್ತೆ. ಸೇತುವೆ ಮೇಲೆ ನಡೆದಾಗ ಅದು ಗೊತ್ತಾಗಿರಲಿಲ್ಲ. ಒಳಗೆ ಕೂರಬೇಡಿ, ಹಿಂಭಾಗದ ತೆರೆದ ಜಾಗಕ್ಕೆ ಹೋಗಿ. ಗಾಳಿ ಜೋರು, ಸ್ವೆಟರ್ ಇರಲಿ. ಡಿಎಲ್‌ಆರ್‌ನಲ್ಲಿ ಮುಂದಿನ ಸೀಟು ಸಿಕ್ಕರೆ ಹಳಿಗಳೇ ನಿಮ್ಮ ಕಡೆ ಓಡಿಬಂದ ಹಾಗೆ. ಚಿಕ್ಕ ಮಕ್ಕಳಿದ್ದರೆ ಅದೇ ಹಬ್ಬ.

ನಡಿಗೆಗೆ ಕೊನೆಯ ದಿನ ಇಟ್ಟುಕೊಂಡಿದ್ದೆವು. ದಕ್ಷಿಣ ದಡದಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಲ್ಯಾಂಬೆತ್ ಸೇತುವೆವರೆಗೆ ನದಿಯ ಪಕ್ಕದಲ್ಲೇ ಹೋದೆವು. ಆಚೆ ದಡದಲ್ಲಿ ಪಾರ್ಲಿಮೆಂಟ್, ಈಚೆ ಆಸ್ಪತ್ರೆಯ ಉದ್ದ ಗೋಡೆ. ಗೋಡೆ ತುಂಬ ಕೈಯಿಂದ ಬಿಡಿಸಿದ ಕೆಂಪು ಹೃದಯಗಳು, ಕೋವಿಡ್‌ನಲ್ಲಿ ತೀರಿಕೊಂಡ ಒಬ್ಬೊಬ್ಬರಿಗೂ ಒಂದು. ಕೆಲವು ಮಾಸಿ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಒಂದರೊಳಗೆ ಬರೀ 'ಅಪ್ಪ' ಅಂತ ಇಂಗ್ಲಿಷ್‌ನಲ್ಲಿ ಬರೆದಿತ್ತು. ಅಮ್ಮ ಅದರ ಮುಂದೆ ತುಂಬ ಹೊತ್ತು ನಿಂತರು. ಬಸ್ಸಿನಿಂದ ಇದು ಕಾಣೋದಿಲ್ಲ.

ಲ್ಯಾಂಬೆತ್ ಸೇತುವೆ ಹತ್ತದೆ ಅದೇ ದಡದಲ್ಲಿ ಇನ್ನೂ ಸ್ವಲ್ಪ ಮುಂದೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನ ಉದ್ಯಾನದಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್‌ನಲ್ಲಿ ಅನಾವರಣ ಆದದ್ದು. ಅಮ್ಮ ಚಪ್ಪಲಿ ಬಿಟ್ಟು ಕೈಮುಗಿದರು. ಟೂರ್ ಬಸ್ಸಿನ ವಿವರಣೆಯಲ್ಲಿ ಇದರ ಹೆಸರು ಬಂದಿರಲಿಲ್ಲ. ಕನ್ನಡದವರು ಲಂಡನ್‌ಗೆ ಹೋದರೆ ಅರ್ಧ ಗಂಟೆ ಇದಕ್ಕೆ ಎತ್ತಿಡಿ.

ಹೀಥ್ರೂ ವಿಮಾನ ನಿಲ್ದಾಣಕ್ಕೆ ವಾಪಸ್ ಹೋಗುವಾಗ ಟ್ಯೂಬ್‌ನ ಪಿಕಡಿಲಿ ಲೈನ್ ಅಗ್ಗ. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ರೈಲಿಗೆ ಅದರ ದುಪ್ಪಟ್ಟಿಗಿಂತ ಜಾಸ್ತಿ. ಆದರೆ ಅದು ಬೇಗ ಮುಟ್ಟಿಸುತ್ತೆ, ಅದರ ಎಲ್ಲ ನಿಲ್ದಾಣಗಳಲ್ಲೂ ಮೆಟ್ಟಿಲಿಲ್ಲದ ದಾರಿ ಇದೆ. ಎರಡು ದೊಡ್ಡ ಸೂಟ್‌ಕೇಸ್ ಇದ್ದವು, ನಾವು ಎಲಿಜಬೆತ್‌ನಲ್ಲೇ ಹೋದೆವು.