ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್: ಮೈಸೂರು–ಮಂಡ್ಯ ಕಡೆಯ ಸಣ್ಣ ಸ್ಟುಡಿಯೊಗಳಿಗೆ ದೀರ್ಘ ಬಳಕೆಯ ವಿಮರ್ಶೆ

ಮನೆಯ ಒಂದು ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡು ಭಾವಗೀತೆ, ದೇವರನಾಮ, ವೀಣೆ, ಕಂಸಾಳೆ ಪದ ರೆಕಾರ್ಡ್ ಮಾಡುವವರಿಗೆ ಈ ವಿಮರ್ಶೆ. ನೋಡುತ್ತಿರುವುದು ಕ್ಲೋಸ್ಡ್ ಬ್ಯಾಕ್, ಅಂದರೆ ಕಿವಿ ಮುಚ್ಚುವ ಕಪ್ಪಿನ (ಕಪ್) ಹಿಂಬದಿ ಪೂರ್ತಿ ಮುಚ್ಚಿರುವ ಹೆಡ್‌ಫೋನ್‌ಗಳ ಐದು ಮಾದರಿಗಳು: ಸೋನಿ ಎಂಡಿಆರ್-7506, ಆಡಿಯೊ ಟೆಕ್ನಿಕಾದ ಎಂ40ಎಕ್ಸ್ ಮತ್ತು ಎಂ50ಎಕ್ಸ್, ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ, ಸೆನ್‌ಹೈಸರ್ ಎಚ್‌ಡಿ 280 ಪ್ರೊ. ಬ್ಲೂಟೂತ್ ಹೆಡ್‌ಫೋನ್‌ಗಳ ಮಾತು ಇಲ್ಲಿಲ್ಲ. ಅವುಗಳಲ್ಲಿ ಆಗುವಂತೆ ಹಾಡಿದ ದನಿ ನೂರು ಮಿಲಿಸೆಕೆಂಡಿಗೂ ಹೆಚ್ಚು ತಡವಾಗಿ ಕಿವಿಗೆ ಬಂದರೆ ತಾಳದಲ್ಲಿ ನಿಲ್ಲಲು ಯಾರಿಂದಲೂ ಆಗದು.

ಡ್ರೈವರ್ (ಕಪ್ಪಿನೊಳಗೆ ದನಿ ಹೊರಡಿಸುವ ಪುಟ್ಟ ಸ್ಪೀಕರ್) ಎಷ್ಟು ಮಿಲಿಮೀಟರ್, ಫ್ರೀಕ್ವೆನ್ಸಿ ಎಲ್ಲಿಂದ ಎಲ್ಲಿಯವರೆಗೆ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ನೋಡಿ ಆರಿಸಬೇಡಿ. ಪ್ಯಾಡ್ ಕಿವಿಯ ಸುತ್ತ ಸಂದಿಲ್ಲದೆ ಕೂರುತ್ತದೆಯೇ, ಒಂದು ಗಂಟೆ ಕೂತರೂ ನೋಯಿಸದೆ ಇರುತ್ತದೆಯೇ ಎಂಬುದೇ ಮೊದಲ ಪ್ರಶ್ನೆ. ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನಿನಲ್ಲಿ ಬೇಸ್ ಹುಟ್ಟುವುದೇ ಡ್ರೈವರಿಗೂ ಕಿವಿಗೂ ನಡುವೆ ಗಾಳಿ ಬಂಧಿಯಾಗಿರುವುದರಿಂದ. ಪ್ಯಾಡಿನ ಅಂಚಿನಲ್ಲಿ ಸಣ್ಣದೊಂದು ಸಂದು ಬಿಟ್ಟರೆ ಸಾಕು, ಬೇಸ್ ಸೋರಿಹೋಗುತ್ತದೆ. ಅದೇ ಸಂದಿನಿಂದ ತಾಳದ ಕ್ಲಿಕ್ ಹೊರಗೆ ಬಂದು ಮೈಕಿಗೆ ಸೇರುತ್ತದೆ. ಬೇಸ್ ಕೇಳದ ಹಾಡುಗಾರರು ‘ಇನ್ನೂ ಸ್ವಲ್ಪ ಜೋರು ಕೊಡಿ’ ಎನ್ನುತ್ತಾರೆ. ಜೋರು ಕೊಟ್ಟಷ್ಟೂ ಸೋರಿಕೆ ಹೆಚ್ಚುತ್ತದೆ.

ನಮ್ಮ ಕಡೆ ಈ ಸಂದು ಬರುವ ಕಾರಣಗಳು ಹೊರದೇಶದ ವಿಮರ್ಶೆಗಳಲ್ಲಿ ಸಿಗುವುದಿಲ್ಲ. ಜುಮುಕಿ ಹಾಕಿದ್ದರೆ ಅದರ ಬುಡ ಪ್ಯಾಡನ್ನು ಎತ್ತಿ ಹಿಡಿಯುತ್ತದೆ, ಜೊತೆಗೆ ತಲೆ ಆಡಿದಾಗ ಅದರ ಕಿಣಿಕಿಣಿ ಕಂಡೆನ್ಸರ್ ಮೈಕಿಗೆ ಸ್ಪಷ್ಟವಾಗಿ ಬೀಳುತ್ತದೆ. ಬೆಂಡೋಲೆ ಚಪ್ಪಟೆಯಾದ್ದರಿಂದ ಸಂದು ಕಡಿಮೆ, ಆದರೆ ಅದರ ತಿರುಪು ಕಿವಿಯ ಹಿಂದೆ ಒತ್ತಿ ನೋಯಿಸುತ್ತದೆ. ಎಚ್‌ಡಿ 280ರಂಥ ಬಿಗಿ ಹಿಡಿತದಲ್ಲಿ ಅರ್ಧ ಗಂಟೆ ತಡೆಯುವುದೂ ಕಷ್ಟ. ಎರಡನ್ನೂ ತೆಗೆಸಿ, ಇಡಲು ಒಂದು ಬಟ್ಟಲು ಕೊಡಿ. ಎತ್ತರದ ತುರುಬು, ಅದರ ಮೇಲೆ ಮಲ್ಲಿಗೆ ದಂಡೆ ಇದ್ದರೆ ಹೆಡ್‌ಬ್ಯಾಂಡ್ ಹಣೆಯ ಕಡೆಗೆ ಜಾರುತ್ತದೆ, ಕಪ್ಪು ಓರೆಯಾಗಿ ಕಿವಿಹಾಲೆಯ ಕೆಳಗೆ ಬಾಯಿ ಬಿಡುತ್ತದೆ. ತುರುಬನ್ನು ಕತ್ತಿನ ಹತ್ತಿರಕ್ಕೆ ಕಟ್ಟಿಕೊಳ್ಳಲು ಮೊದಲೇ ಹೇಳಿ ಕಳಿಸುವುದು ಒಳ್ಳೆಯದು. ಕಂಸಾಳೆಯವರು ರುಮಾಲು ಸುತ್ತಿಕೊಂಡೇ ಬಂದರೆ ಕಿವಿ ಅರ್ಧ ಅದರ ಕೆಳಗಿರುತ್ತದೆ. ಟೇಕ್ ಆಗುವಷ್ಟು ಹೊತ್ತು ತೆಗೆದಿಡಲು ವಿನಯದಿಂದ ಕೇಳಿ. ಹಿರಿಯ ಕಲಾವಿದರಿಗೆ ಕಾರಣ ಹೇಳಿದರೆ ಬೇಡ ಎನ್ನುವುದಿಲ್ಲ. ಕನ್ನಡಕದವರಿಗೆ ತೆಳು ಲೋಹದ ಕಡ್ಡಿಯಾದರೆ ಪರವಾಗಿಲ್ಲ. ದಪ್ಪ ಪ್ಲಾಸ್ಟಿಕ್ ಕಡ್ಡಿಯಾದರೆ ಡಿಟಿ 770ರ ಮೃದು ವೆಲೂರ್ (ಮಖಮಲ್ಲಿನಂಥ ಬಟ್ಟೆ) ಪ್ಯಾಡ್ ಅದರ ಸುತ್ತ ಚೆನ್ನಾಗಿ ಕೂರುತ್ತದೆ.

ಮುಚ್ಚಿ ಕೂತಿದೆಯೇ ಎಂದು ತಿಳಿಯಲು 50 ಹರ್ಟ್ಸ್ ಸೈನ್ ಟೋನನ್ನು ಮೆಲ್ಲಗೆ ಬಿಟ್ಟು, ಎರಡೂ ಕಪ್ಪುಗಳನ್ನು ಅಂಗೈಯಿಂದ ಹಗುರಾಗಿ ಒತ್ತಿಸಿ. ಒತ್ತಿದಾಗ ದನಿ ಗಮನಾರ್ಹವಾಗಿ ಹೆಚ್ಚಿದರೆ ಸಂದು ಇದೆ ಎಂದರ್ಥ. ಹೆಚ್ಚದಿದ್ದರೆ ಸರಿಯಾಗಿ ಕೂತಿದೆ.

ಸೋರಿಕೆ ಅಂದರೆ ಎಲ್ಲರೂ ಕ್ಲಿಕ್ಕಿನ ಬಗ್ಗೆ ಯೋಚಿಸುತ್ತಾರೆ. ಶಾಸ್ತ್ರೀಯ ಮತ್ತು ಸುಗಮ ಸಂಗೀತದಲ್ಲಿ ಅದಕ್ಕಿಂತ ದೊಡ್ಡ ತೊಂದರೆ ತಂಬೂರಿ ಶ್ರುತಿಯದು. ಅದು ನಿಲ್ಲದೆ ನುಡಿಯುತ್ತಲೇ ಇರುವುದರಿಂದ ಸಾಲು ಸಾಲಿನ ನಡುವಿನ ಮೌನದಲ್ಲೂ ಮೈಕಿಗೆ ಬೀಳುತ್ತದೆ. ಎರಡು ಟೇಕ್‌ಗಳನ್ನು ಕತ್ತರಿಸಿ ಜೋಡಿಸಿದಾಗ ಜೋಡಣೆಯ ಜಾಗದಲ್ಲಿ ಶ್ರುತಿ ಫಕ್ಕನೆ ಏರಿದಂತೆ ಅಥವಾ ಇಳಿದಂತೆ ಕೇಳುತ್ತದೆ. ಸ್ವರವೊಂದನ್ನು ಪಿಚ್ ಸಾಫ್ಟ್‌ವೇರಿನಲ್ಲಿ ಸರಿಪಡಿಸಿದರೆ ಅದರೊಳಗೆ ಸೇರಿರುವ ತಂಬೂರಿಯೂ ಜೊತೆಯಲ್ಲೇ ಜರುಗುತ್ತದೆ. ಹಿನ್ನೆಲೆಯ ಅಸಲು ತಂಬೂರಿಯ ಮೇಲೆ ಅದು ಅಪಶ್ರುತಿಯಾಗಿ ತೇಲುತ್ತದೆ. ಮಿಕ್ಸಿಂಗ್‌ನಲ್ಲಿ ಇದನ್ನು ತೆಗೆಯುವ ದಾರಿ ಇಲ್ಲವೆಂದೇ ಹೇಳಬೇಕು.

ಆದ್ದರಿಂದ ಟೇಕ್‌ಗೆ ಮೊದಲು ಐದು ನಿಮಿಷದ ಪರೀಕ್ಷೆ ಮಾಡಿ. ಹಾಡುಗಾರರು ಹೆಡ್‌ಫೋನ್ ಹಾಕಿಕೊಂಡು, ಮೈಕಿನಿಂದ ಒಂದು ಗೇಣು ದೂರದಲ್ಲಿ, ಹಾಡುವ ಭಂಗಿಯಲ್ಲೇ ಸುಮ್ಮನೆ ನಿಲ್ಲಲಿ. ಅವರಿಗೆ ಬೇಕಾದ ಮಟ್ಟದಲ್ಲಿ ಕ್ಲಿಕ್, ಶ್ರುತಿ, ಟ್ರ್ಯಾಕ್ ಬಿಟ್ಟು ಮೂವತ್ತು ಸೆಕೆಂಡ್ ರೆಕಾರ್ಡ್ ಮಾಡಿ. ರೆಕಾರ್ಡಿಂಗ್ ಮೀಟರಿನಲ್ಲಿ ಹಾಡಿನ ಜೋರು ಭಾಗ ಮೈನಸ್ 12 ಡಿಬಿ ಆಸುಪಾಸಿನಲ್ಲಿದ್ದು, ಈ ಸೋರಿಕೆಯ ಶಿಖರ ಮೈನಸ್ 60ಕ್ಕಿಂತ ಕೆಳಗಿದ್ದರೆ ಮುಂದುವರಿಯಬಹುದು. ಮೈನಸ್ 45ರಲ್ಲಿ ನಿಂತಿದ್ದರೆ ಬೇಡ: ಆಮೇಲೆ ಕಂಪ್ರೆಸರ್ (ಜೋರು–ಮೆಲು ದನಿಗಳ ಅಂತರ ತಗ್ಗಿಸುವ ಸಾಧನ) ಹಾಕಿ ಮಟ್ಟ ಎತ್ತಿದಾಗ ಮೌನದಲ್ಲಿರುವ ಸೋರಿಕೆಯೂ ಹತ್ತು ಡಿಬಿ ಮೇಲೇಳುತ್ತದೆ. ಚೂಪಾದ ಬೀಪ್ ಬದಲು ಮರದ ತುಂಡು ಬಡಿದಂಥ ಮೊಂಡು ದನಿಯನ್ನು ಕ್ಲಿಕ್ಕಿಗೆ ಇಟ್ಟುಕೊಳ್ಳಿ. ವೀಣೆಯ ಕೊನೆಯ ಮೀಟು ಕರಗುವ ಕಡೆ ಕ್ಲಿಕ್ ತಾನಾಗಿ ಪೂರ್ತಿ ನಿಲ್ಲುವಂತೆ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಆಟೊಮೇಶನ್ ಬರೆದಿಡಿ. ವೀಣೆಯ ಕಾರ್ವೆ ಸಣ್ಣದಾಗುತ್ತಾ ಹೋದಂತೆ ಕ್ಲಿಕ್ ಮಾತ್ರ ಉಳಿದುಬಿಡುತ್ತದೆ.

ಹಲವರಿಗೆ ಒಂದು ಕಿವಿ ಬಿಟ್ಟು ಹಾಡಿದರೇ ಶ್ರುತಿ ನಿಲ್ಲುವುದು. ಇದು ಒಳ್ಳೆಯ ಅಭ್ಯಾಸ, ತಡೆಯಬೇಡಿ. ಆದರೆ ಬಿಟ್ಟ ಕಪ್ಪಿಗೆ ದನಿ ಹೋಗಬಾರದು. ಅವರ ಹೆಡ್‌ಫೋನ್ ಸಾಲನ್ನು ಮೋನೊ (ಎಡ–ಬಲ ಸೇರಿ ಒಂದೇ ದನಿ) ಮಾಡಿ, ಹಾಕಿಕೊಂಡ ಕಿವಿಯ ಕಡೆಗೆ ಪೂರ್ತಿ ತಿರುಗಿಸಿ. ಬಿಟ್ಟ ಕಪ್ಪನ್ನು ಕಿವಿಯ ಹಿಂದಿನ ಎಲುಬಿಗೆ ಒರಗಿಸಲು ಹೇಳಿ, ಗಾಳಿಗೆ ಬಿಡಬಾರದು. ವಿರಾಮದಲ್ಲಿ ಹೆಡ್‌ಫೋನನ್ನು ಮೈಕ್ ಸ್ಟ್ಯಾಂಡಿಗೆ ತೂಗುಹಾಕುವುದು ಎಲ್ಲ ಕಡೆ ಇರುವ ರೂಢಿ. ಮೈಕ್ ತೆರೆದಿದ್ದರೆ ಕ್ಷಣದಲ್ಲಿ ಕೂಗು (ಫೀಡ್‌ಬ್ಯಾಕ್) ಹತ್ತುತ್ತದೆ. ಬೇರೆ ಮೊಳೆ ಹೊಡೆಯಿರಿ.

ಹೊರಗಿನ ಸದ್ದು ತಡೆಯುವ ವಿಷಯದಲ್ಲಿ ಅತಿ ಆಸೆ ಬೇಡ. ಎಚ್‌ಡಿ 280ಕ್ಕೆ ಕಂಪನಿ ಹೇಳುವುದು 32 ಡಿಬಿವರೆಗೆ. ಅದು ಮೇಲಿನ ಫ್ರೀಕ್ವೆನ್ಸಿಗಳ ಮಾತು. ಕೆಳಗಿನ ಗುಂಯ್‌ಗುಡುವ ಸದ್ದನ್ನು, ಅಂದರೆ ಫ್ಯಾನು, ಜನರೇಟರು, ಗಣೇಶನ ಪೆಂಡಾಲಿನ ಬೇಸ್, ಇವನ್ನು ಯಾವ ಪ್ಯಾಡೂ ಹೆಚ್ಚು ತಡೆಯುವುದಿಲ್ಲ.

ಎಚ್‌ಡಿ 280ರ ಮಾತು ಮೇಲೆ ಬಂತು, ಇನ್ನು ಉಳಿದವು ಒಂದೊಂದಾಗಿ. ಸೋನಿ 7506 ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಇವತ್ತಿಗೂ ಅದೇ ರೂಪದಲ್ಲಿ ಸಿಗುತ್ತದೆ. 63 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ), ಸುಮಾರು 230 ಗ್ರಾಂ, ಸುರುಳಿ ವೈರು. ಇದರ ಮೇಲಿನ ಸ್ಥಾಯಿ ಚೂಪು. ಅದೇ ಇದರ ಉಪಯೋಗ: ಸ, ಶ ಅಕ್ಷರಗಳ ಸೀಟಿ, ತುಟಿಯ ಚಪ್ಪರಿಕೆ, ತಪ್ಪು ಎಡಿಟ್‌ನ ಟಿಕ್ ಎಲ್ಲವನ್ನೂ ಎತ್ತಿ ತೋರಿಸುತ್ತದೆ. ರೆಕಾರ್ಡ್ ಮಾಡುವವರ ಕಿವಿಗೆ ಇದಕ್ಕಿಂತ ನಂಬಿಕೆಯ ಹೆಡ್‌ಫೋನ್ ಈ ಬೆಲೆಯಲ್ಲಿ ಕಾಣೆ. ಹಾಡುವವರಿಗೆ ಇದೇ ಚೂಪು ದಣಿವು ತರುತ್ತದೆ. ವೈರು ಒಳಗೇ ಬೆಸುಗೆ ಹಾಕಿರುವುದರಿಂದ, ಹರಿದರೆ ಸೋಲ್ಡರಿಂಗ್ ಗನ್ ಹಿಡಿಯಲೇಬೇಕು.

ಎಂ40ಎಕ್ಸ್ 35 ಓಮ್, 40 ಮಿಲಿಮೀಟರ್ ಡ್ರೈವರ್. ಎಂ50ಎಕ್ಸ್ 38 ಓಮ್, 45 ಮಿಲಿಮೀಟರ್. ಹೆಸರು ಮಾಡಿದ್ದು ಎಂ50ಎಕ್ಸ್, ಆದರೆ ಸ್ಟುಡಿಯೊಗೆ ಎಂ40ಎಕ್ಸ್ ಹೆಚ್ಚು ಸರಿ ಎಂಬುದು ನಮ್ಮ ತೀರ್ಮಾನ. ಎಂ50ಎಕ್ಸ್‌ನಲ್ಲಿ ಬೇಸ್ ಉಬ್ಬಿರುತ್ತದೆ. ಅದನ್ನು ನಂಬಿ ಮಿಕ್ಸ್ ಮಾಡಿದವರು ಮೃದಂಗದ ತೊಪ್ಪಿಯ ಕಡೆಯ ಗುಮುಕಿಯನ್ನು ಬೇಕಾದ್ದಕ್ಕಿಂತ ಕಡಿತ ಮಾಡಿಬಿಡುತ್ತಾರೆ. ಬೇರೆ ಸ್ಪೀಕರಿನಲ್ಲಿ ಕೇಳಿದಾಗ ಮೃದಂಗ ಬರೀ ಬಲಗೈಯಲ್ಲಿ ನುಡಿಸಿದಂತಿರುತ್ತದೆ. ಎರಡರಲ್ಲೂ ವೈರು ಕಳಚಿ ಬದಲಿಸಬಹುದು, ಕಲಾವಿದರು ಕಾಲಲ್ಲಿ ತುಳಿಯುವ ಜಾಗದಲ್ಲಿ ಇದು ದೊಡ್ಡ ಅನುಕೂಲ. ಪಿನ್ನು ಮಾತ್ರ 2.5 ಮಿಲಿಮೀಟರಿನದು, ತಿರುಗಿಸಿ ಬೀಗ ಹಾಕುವ ಬಗೆ. ಫೋನ್ ಅಂಗಡಿಯ ಸಾಮಾನ್ಯ ವೈರು ಇದಕ್ಕೆ ಕೂರದು, ಬಿಡಿ ವೈರು ಮೊದಲೇ ತರಿಸಿಡಿ.

ಡಿಟಿ 770 ಪ್ರೊ ಹಾಡುಗಾರರಿಗೆ ಎಲ್ಲಕ್ಕಿಂತ ಹಿತ. ಎರಡು ಗಂಟೆಯ ರಾಗಾಲಾಪನೆಯಲ್ಲೂ ಕಿವಿ ಬೆವರದು, ಒತ್ತದು. ಎಂಟು ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ ಇದರದೊಂದು ಏರು ಇದೆ. ಕಂಸಾಳೆಯ ಕಂಚಿನ ಝೇಂಕಾರ ಅಲ್ಲಿ ಚುಚ್ಚುತ್ತದೆ, ಅದಕ್ಕೇ ಕಂಸಾಳೆ ಪದದ ಮಟ್ಟವನ್ನು ಇದರಲ್ಲಿ ಕೇಳಿ ತೀರ್ಮಾನಿಸಬೇಡಿ. ವೆಲೂರ್‌ನಲ್ಲಿ ಕೂದಲು, ಧೂಳು ಸಿಕ್ಕಿಕೊಳ್ಳುತ್ತವೆ.

ಇದು 32, 80, 250 ಓಮ್ ಮೂರು ಬಗೆಯಲ್ಲಿ ಸಿಗುತ್ತದೆ. ತಪ್ಪುವುದೂ ಇಲ್ಲೇ. ಹೆಚ್ಚು ಓಮ್ ಅಂದರೆ ಹೆಚ್ಚು ಗುಣಮಟ್ಟ ಎಂದುಕೊಂಡು 250 ತರಿಸಿದರೆ ಯುಎಸ್‌ಬಿ ಕರೆಂಟಿನಲ್ಲೇ ಓಡುವ ಸಣ್ಣ ಇಂಟರ್‌ಫೇಸಿಗೆ (ಮೈಕು, ಹೆಡ್‌ಫೋನನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಅದು ಭಾರ. ಲೆಕ್ಕ ಸರಳ: ಈ ಹೆಡ್‌ಫೋನಿಗೆ ಒಂದು ಮಿಲಿವಾಟ್ ಕೊಟ್ಟರೆ 96 ಡಿಬಿ. ಶಿಖರಗಳಿಗೆ 110 ಡಿಬಿ ಬೇಕೆಂದರೆ 25 ಮಿಲಿವಾಟ್. ಅದಕ್ಕೆ 250 ಓಮ್‌ನಲ್ಲಿ 2.5 ವೋಲ್ಟ್ ಬೇಕು, 80 ಓಮ್‌ನಲ್ಲಿ 1.4 ವೋಲ್ಟ್. ಸೋನಿ 7506ಕ್ಕೆ ಒಂದು ಮಿಲಿವಾಟಿಗೇ 106 ಡಿಬಿ ಬರುವುದರಿಂದ ಅಷ್ಟೇ ದನಿಗೆ 0.4 ವೋಲ್ಟ್ ಸಾಕು. ಸಣ್ಣ ಇಂಟರ್‌ಫೇಸಿನವರು 80 ಓಮ್ ತಗೊಳ್ಳಿ. ಇನ್ನೊಂದು ಮಾತು, ಒಂದೇ ಆಂಪ್ಲಿಫೈಯರಿಗೆ ಬೇರೆ ಬೇರೆ ಮಾದರಿ ಸಿಕ್ಕಿಸಿದರೆ ಒಬ್ಬರಿಗೆ ಕಿವಿ ಒಡೆಯುತ್ತದೆ, ಒಬ್ಬರಿಗೆ ಕೇಳುವುದೇ ಇಲ್ಲ. ಪ್ರತಿಯೊಬ್ಬರಿಗೂ ಬೇರೆ ವಾಲ್ಯೂಮ್ ಗುಂಡಿ ಇರುವ ನಾಲ್ಕು ದಾರಿಯ ಆಂಪ್ಲಿಫೈಯರ್ ಬೇಕು, ಬರೀ ಕವಲು ವೈರು ಸಾಲದು. ಇಡೀ ದಿನದ ಸೆಷನ್‌ನಲ್ಲಿ ಕಿವಿಯ ಮಟ್ಟ 85 ಡಿಬಿ ದಾಟದಿರಲಿ. 85ರಲ್ಲಿ ಎಂಟು ಗಂಟೆ ಮಿತಿ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡೇ ಗಂಟೆ.

ಹಳೆಯದಾಗುವುದು ಮೊದಲು ಪ್ಯಾಡ್. ಕೃತಕ ಚರ್ಮದ ಮೇಲ್ಪದರ ಪಾಲಿಯುರೆಥೇನ್, ಗಾಳಿಯ ತೇವದಿಂದ ಅದು ತಾನಾಗಿ ಒಡೆಯುತ್ತದೆ. ಬಳಸದೆ ಬೀರುವಿನಲ್ಲಿಟ್ಟರೂ ಒಡೆಯುತ್ತದೆ. ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಸೇರಿದರೆ ಇನ್ನೂ ಬೇಗ. ಕರಿಯ ಚಕ್ಕೆಗಳು ಹಾಡುಗಾರರ ಕೆನ್ನೆಗೆ ಅಂಟತೊಡಗಿದರೆ ಕಾಯಬೇಡಿ, ಅಷ್ಟರಲ್ಲಿ ಸಂದೂ ಬಿದ್ದಿರುತ್ತದೆ. ಪ್ರತಿ ಸೆಷನ್ ಆದ ಮೇಲೆ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿ ಬಟ್ಟೆಯಿಂದ ಒರೆಸಿ, ಗಾಳಿಗಿಡಿ. ಸ್ಯಾನಿಟೈಸರ್, ಸ್ಪಿರಿಟ್ ಹಚ್ಚಿದರೆ ಪದರ ಗಡುಸಾಗಿ ಬಿರುಕು ಬಿಡುತ್ತದೆ. ಹೊಸ ಪ್ಯಾಡ್ ಹಾಕುವಾಗ ಹಳೆಯದರ ಅಂಚನ್ನು ಬೆರಳಿನಿಂದ ಸುತ್ತಲೂ ಬಿಡಿಸಿ, ಡ್ರೈವರಿನ ಮೇಲಿರುವ ತೆಳು ಸ್ಪಂಜನ್ನು ಹಾಗೇ ಉಳಿಸಿಕೊಂಡು, ಹೊಸದರ ಲಂಗದಂಥ ಅಂಚನ್ನು ಒಂದು ಕಡೆಯಿಂದ ಕಪ್ಪಿನ ಸುತ್ತಲಿನ ಸೀಳಿಗೆ ಸಿಕ್ಕಿಸುತ್ತಾ ಸುತ್ತು ಬನ್ನಿ. ದಪ್ಪ ಮೆತ್ತನೆ ಪ್ಯಾಡಿನ ಆಸೆ ಬೇಡ: ಡ್ರೈವರು ಕಿವಿಯಿಂದ ದೂರ ಹೋಗಿ ದನಿಯೇ ಬೇರೆಯಾಗುತ್ತದೆ. ಹಾಕಿದ ಮೇಲೆ ಮತ್ತೆ 50 ಹರ್ಟ್ಸ್ ಪರೀಕ್ಷೆ.

ಆಮೇಲೆ ಕೆಡುವುದು ಪಿನ್ನಿನ ಬುಡದ ವೈರು. ಒಂದು ಲಕ್ಷಣ ಎಲ್ಲರನ್ನೂ ದಾರಿ ತಪ್ಪಿಸುತ್ತದೆ: ಎರಡು ಕಡೆಯೂ ಕೇಳುತ್ತದೆ, ಆದರೆ ಹಾಡುವ ದನಿ ಮಾಯ, ಬರೀ ರಿವರ್ಬ್ (ಗುಂಗಿನ ಪ್ರತಿಧ್ವನಿ) ಮತ್ತು ಪಕ್ಕದ ವಾದ್ಯಗಳು. ಮಿಕ್ಸ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿರುವುದು ಎರಡು ಕಡೆಗೂ ಸೇರಿ ಒಂದೇ ಇರುವ ಗ್ರೌಂಡ್ ತಂತಿ. ಅದು ಕಡಿದಾಗ ಎರಡು ಡ್ರೈವರುಗಳು ಸರಣಿಯಲ್ಲಿ ಸೇರಿ ಎಡ–ಬಲದ ವ್ಯತ್ಯಾಸವನ್ನಷ್ಟೇ ನುಡಿಸುತ್ತವೆ, ನಡುವೆ ಕೂರಿಸಿದ ದನಿ ರದ್ದಾಗುತ್ತದೆ. ಪಿನ್ ಅರ್ಧ ಕೂತಿದ್ದರೂ ಹೀಗೇ ಆಗುವುದರಿಂದ ಮೊದಲು ಅದನ್ನು ಒತ್ತಿ ನೋಡಿ. ಆಮೇಲೆ ಮಲ್ಟಿಮೀಟರಿನಲ್ಲಿ ತುದಿಯಿಂದ ಬುಡಕ್ಕೆ ಎಡಗಡೆ, ನಡು ಉಂಗುರದಿಂದ ಬುಡಕ್ಕೆ ಬಲಗಡೆ ಅಳೆಯಿರಿ. ಎರಡೂ ಡಬ್ಬಿಯ ಮೇಲಿನ ಓಮ್‌ಗೆ ಹತ್ತಿರ ಬರಬೇಕು. ಎರಡೂ ಬಾರದೆ, ತುದಿಯಿಂದ ಉಂಗುರಕ್ಕೆ ಅದರ ಎರಡರಷ್ಟು ಬಂದರೆ ಗ್ರೌಂಡ್ ಹೋಗಿದೆ. ಬೆಸುಗೆ ಹಾಕುವಾಗ ಒಳಗಿನ ಬಣ್ಣದ ಎಳೆಗಳ ಮೇಲೆ ವಾರ್ನಿಷ್ ಇರುತ್ತದೆ. ಕಾದ ತುದಿಯಲ್ಲಿ ಫ್ಲಕ್ಸ್ ಜೊತೆ ಅದನ್ನು ಸುಟ್ಟು ಸೀಸ ಹಿಡಿಸಿದ ಮೇಲೆಯೇ ಪಿನ್ನಿಗೆ ಕೂರಿಸಿ, ಇಲ್ಲದಿದ್ದರೆ ಬೆಸುಗೆ ಹೊಳೆಯುತ್ತದೆ, ಕರೆಂಟು ಹರಿಯುವುದಿಲ್ಲ.

ಮೈಸೂರಿನ ಅಂಗಡಿಗಳಲ್ಲಿ ಈ ಮಾದರಿಗಳನ್ನು ತಲೆಗೆ ಹಾಕಿ ನೋಡುವ ಅವಕಾಶ ಕಡಿಮೆ, ಆನ್‌ಲೈನಿನಲ್ಲಿ ತರಿಸುವವರೇ ಹೆಚ್ಚು. ನಕಲಿಗಳೂ ಓಡಾಡುತ್ತವೆ, ಕಂಪನಿಯ ಅಧಿಕೃತ ಮಾರಾಟಗಾರರ ಬಿಲ್ ಇಲ್ಲದೆ ಕೊಳ್ಳಬೇಡಿ. ಪೆಟ್ಟಿಗೆ ಬಂದ ದಿನವೇ, ವಾಪಸಾತಿಯ ಅವಧಿ ಮುಗಿಯುವ ಮೊದಲು, ಮೋನೊ ದನಿಯೊಂದನ್ನು ಬಿಟ್ಟು ಅದು ನೆತ್ತಿಯ ನಡುವೆಯೇ ಕೂರುತ್ತದೆಯೇ ನೋಡಿ; ಒಂದು ಕಡೆಗೆ ವಾಲಿದರೆ ಹೆಡ್‌ಫೋನನ್ನು ತಿರುಗಿಸಿ ಹಾಕಿ. ವಾಲಿಕೆಯೂ ಬದಿ ಬದಲಿಸಿದರೆ ದೋಷ ಡ್ರೈವರುಗಳದು ಅಥವಾ ಇಂಟರ್‌ಫೇಸಿನದು; ಬೇರೆ ಹೆಡ್‌ಫೋನಿನಲ್ಲಿ ವಾಲದಿದ್ದರೆ ಡ್ರೈವರುಗಳು ಸಮವಿಲ್ಲ, ವಾಪಸು ಕಳಿಸಿ. ಬದಲಿಸದಿದ್ದರೆ ದೋಷ ಕಿವಿಯದು. ನಂತರ 20ರಿಂದ 200 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಟೋನ್ ಬಿಟ್ಟು ಡಯಾಫ್ರಮ್ ಮೇಲೆ ಕೂದಲು ಬಿದ್ದಂಥ ಕರಕರ ಸದ್ದು ಬರುತ್ತದೆಯೇ ಕೇಳಿ. ಕೊನೆಗೆ, ನಿಮ್ಮಲ್ಲಿ ಹಾಡುವವರೊಬ್ಬರನ್ನು ಕರೆದು ಒಂದು ಗಂಟೆ ಹಾಕಿಸಿ ಕೂರಿಸಿ. ಕನ್ನಡಕ ಹಾಕುವವರಾದರೆ ಇನ್ನೂ ಒಳ್ಳೆಯದು.