ಕಂಪ್ಯೂಟರ್ ಕ್ಯಾಬಿನೆಟ್ ಜೊತೆ 'ಫ್ರೀ' ಬಂದ ಎಸ್‌ಎಂಪಿಎಸ್: ನನಗಾದದ್ದು ನಿಮಗಾಗದಿರಲಿ

ಕಣ್ಣು ಕಾಣದ ಮಕ್ಕಳಿಗೆ ಪಠ್ಯಪುಸ್ತಕ ಓದಿ, ರೆಕಾರ್ಡ್ ಮಾಡಿ ಕಳಿಸುವ ಕೆಲಸ ನನ್ನದು. ಮೈಸೂರಿನ ನಮ್ಮ ಮನೆಯ ಚಿಕ್ಕ ಕೋಣೆಯೇ ಸ್ಟುಡಿಯೊ, ಮೈಕಿನಿಂದ ಎರಡಡಿ ದೂರದಲ್ಲಿ ಕಂಪ್ಯೂಟರ್. ಹೋದ ವರ್ಷ ಅದನ್ನು ಹೊಸದಾಗಿ ಜೋಡಿಸಿಕೊಳ್ಳುವಾಗ ಪ್ರೊಸೆಸರ್, ರ‍್ಯಾಮ್ ಎಲ್ಲ ನಾಲ್ಕು ಕಡೆ ವಿಚಾರಿಸಿ ತಗೊಂಡೆ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಡಬ್ಬಿ, ಅಂದರೆ ಪವರ್ ಸಪ್ಲೈ (ಇದನ್ನೇ ಎಸ್‌ಎಂಪಿಎಸ್ ಅನ್ನುವುದು) ವಿಷಯ ಬಂದಾಗ ಅಂಗಡಿಯವರು, "ಕ್ಯಾಬಿನೆಟ್ ಜೊತೆನೇ 450 ವ್ಯಾಟ್‌ದು ಬರುತ್ತೆ ಮೇಡಂ, ಬೇರೆ ಯಾಕೆ ದುಡ್ಡು ಹಾಕ್ತೀರಾ" ಅಂದರು. ಒಪ್ಪಿಕೊಂಡೆ.

ಮೊದಲ ವಾರದಿಂದಲೇ ಗುಂಯ್‌ಗುಡುವ ಸದ್ದು. ಅಂಗೈಯಗಲದ ಪುಟ್ಟ ಫ್ಯಾನ್ ಸದಾ ಪೂರ್ತಿ ವೇಗದಲ್ಲಿ ಓಡುತ್ತಿತ್ತು. ಸಾಫ್ಟ್‌ವೇರಿನಲ್ಲಿ ಆ ಸದ್ದು ತೆಗೆದರೆ ನನ್ನ ದನಿಯೇ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಬೇಸಿಗೆಯಲ್ಲಂತೂ ರಾತ್ರಿ ಹತ್ತರ ಮೇಲೆ ಮಾತ್ರ ರೆಕಾರ್ಡಿಂಗ್.

ಒಂದು ಸಂಜೆ ಹೋದ ಕರೆಂಟು ಬಂತು. ಸ್ವಿಚ್ ಹಾಕಿದೆ. 'ಪಟ್' ಅಂತ ಸದ್ದು, ಹಿಂದೆಯೇ ಸುಟ್ಟ ವಾಸನೆ. ಎಸ್‌ಎಂಪಿಎಸ್ ಜೊತೆ ಮದರ್‌ಬೋರ್ಡ್ ಹೋಯಿತು, ಹಾರ್ಡ್ ಡಿಸ್ಕೂ ಹೋಯಿತು. ಎಡಿಟ್ ಮುಗಿಸಿ ಇನ್ನೂ ಕಳಿಸದೆ ಇಟ್ಟಿದ್ದ ಹನ್ನೊಂದು ಪಾಠ ಅದರಲ್ಲಿದ್ದವು.

ರಿಪೇರಿಯ ಹುಡುಗ ಡಬ್ಬಿ ಬಿಚ್ಚಿ ತೋರಿಸಿದ. ಕರೆಂಟು ಹಿಡಿದಿಟ್ಟುಕೊಳ್ಳುವ ಬಿಡಿಭಾಗ, ಕೆಪಾಸಿಟರ್, ಉಬ್ಬಿ ಒಡೆದಿತ್ತು. ಕರೆಂಟಿನ ಏರುಪೇರು ತಡೆಯುವ ಬಿಡಿಭಾಗಗಳಿಗೆ ಬೋರ್ಡಿನಲ್ಲಿ ಜಾಗ ಬಿಟ್ಟಿದ್ದರು, ಭಾಗಗಳನ್ನೇ ಹಾಕಿರಲಿಲ್ಲ. ಲೇಬಲ್ ಓದಿದರೆ 12 ವೋಲ್ಟಿಗೆ 16 ಆಂಪಿಯರ್, ಅಂದರೆ 192 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ನಡೆಯುವುದೇ ಆ 12 ವೋಲ್ಟಿನಲ್ಲಿ. 450 ಬರೀ ಬಾಕ್ಸಿನ ಮೇಲಿನ ಅಂಕಿ. ಕೊಳ್ಳುವ ಮುಂಚೆ ಆ ಲೇಬಲ್ ತಿರುಗಿಸಿ ಓದಿ, ಗುಣಿಸಿ ನೋಡಿ.

ಸದ್ದು ಬೇರೆ, ಕರೆಂಟು ಉಳಿತಾಯ ಬೇರೆ ಅಂದುಕೊಂಡಿದ್ದೆ. ಎರಡೂ ಒಂದೇ. ಹಳೆಯದು ಕೆಡುವ ಮುಂಚೆ ನನ್ನ ತಮ್ಮ ಪ್ಲಗ್ ಮೀಟರ್ ಹಾಕಿ ಅಳೆದಿದ್ದ: ಎಡಿಟಿಂಗ್ ಮಾಡುವಾಗ 168 ವ್ಯಾಟ್. ಈಗಿನ 550 ವ್ಯಾಟ್‌ನ '80 ಪ್ಲಸ್ ಗೋಲ್ಡ್' (ಕರೆಂಟು ಕಡಿಮೆ ಪೋಲು ಮಾಡುತ್ತದೆ ಅನ್ನುವ ಪ್ರಮಾಣಪತ್ರದ ಒಂದು ದರ್ಜೆ) ಹಾಕಿದ ಮೇಲೆ ಅದೇ ಕೆಲಸಕ್ಕೆ 136. ಆ 32 ವ್ಯಾಟ್ ಡಬ್ಬಿಯೊಳಗೆ ಬರೀ ಶಾಖವಾಗಿ ಹೋಗುತ್ತಿತ್ತು, ಅದನ್ನು ಹೊರಹಾಕಲು ಫ್ಯಾನ್ ಕೂಗುತ್ತಿತ್ತು. ದಿನಕ್ಕೆ ಹತ್ತು ಗಂಟೆ ಲೆಕ್ಕ ಹಾಕಿದರೆ ತಿಂಗಳಿಗೆ ಒಂಬತ್ತು ಯೂನಿಟ್ ಚಿಲ್ಲರೆ. ಬಿಲ್ಲಿನಲ್ಲಿ ದೊಡ್ಡ ಮೊತ್ತವಲ್ಲ, ಕಿವಿಗೆ ಮಾತ್ರ ಬಹಳ ದೊಡ್ಡದು. ಹೊಸದರಲ್ಲಿ 120 ಮಿಲಿಮೀಟರ್ ಫ್ಯಾನ್ ಇದೆ, ಲೋಡ್, ಅಂದರೆ ಕಂಪ್ಯೂಟರ್ ಎಳೆಯುವ ಕರೆಂಟು, ಕಡಿಮೆಯಿದ್ದಾಗ ಅದು ತಿರುಗುವುದೇ ಇಲ್ಲ.

ಗೋಲ್ಡ್ ಅಂದರೆ, 115 ವೋಲ್ಟಿನ ಪರೀಕ್ಷೆಯಲ್ಲಿ 20% ಲೋಡ್‌ಗೆ 87%, ಅರ್ಧ ಲೋಡ್‌ಗೆ 90%, ಪೂರ್ತಿ ಲೋಡ್‌ಗೆ 87% ಕನಿಷ್ಠ ದಕ್ಷತೆ, ಅಂದರೆ ಗೋಡೆಯಿಂದ ಎಳೆದ ಕರೆಂಟಿನಲ್ಲಿ ಅಷ್ಟು ಪಾಲು ಕಂಪ್ಯೂಟರಿಗೆ ತಲುಪುತ್ತದೆ. ಹಾಗಂತ 1000 ವ್ಯಾಟ್‌ದು ತಂದು ಸಣ್ಣ ಕಂಪ್ಯೂಟರಿಗೆ ಹಾಕಬೇಡಿ. ತೀರಾ ಕಡಿಮೆ ಲೋಡಿನಲ್ಲಿ ದಕ್ಷತೆ ಬಿದ್ದುಹೋಗುತ್ತದೆ. ನನ್ನ ಹಳೇ ಬಾಕ್ಸಿನ ಮೇಲೂ '85% ಎಫಿಶಿಯೆಂಟ್' ಅಂತ ಬರೆದಿತ್ತು, ಯಾವ ಪ್ರಮಾಣಪತ್ರವೂ ಇರಲಿಲ್ಲ. 80 ಪ್ಲಸ್ ಯೋಜನೆಯ ಜಾಲತಾಣದಲ್ಲಿ ಪ್ರಮಾಣಿತ ಮಾದರಿಗಳ ಪಟ್ಟಿ ಇದೆ, ಅಲ್ಲೇ ಹುಡುಕಿ.

ಇನ್ನೊಂದು ಮಾತು. ಸದ್ದು ತಡೆಯಲಾರದೆ ಒಮ್ಮೆ ನಾನೇ ಸ್ಕ್ರೂ ಬಿಚ್ಚಿ ಫ್ಯಾನಿಗೆ ಎಣ್ಣೆ ಬಿಡಲು ಹೊರಟಿದ್ದೆ. ಪ್ಲಗ್ ತೆಗೆದಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು, ಪ್ರಾಣಕ್ಕೇ ಅಪಾಯ ಅಂತ ಆ ಹುಡುಗ ಹೇಳಿದಾಗಲೇ ಗೊತ್ತಾದದ್ದು. ಮನೆಯಲ್ಲಿ ಯಾರೂ ಆ ಡಬ್ಬಿ ಬಿಚ್ಚಬೇಡಿ.

ಹನ್ನೊಂದರಲ್ಲಿ ಏಳು ಪಾಠ ಮತ್ತೆ ಓದಿ ಕಳಿಸಿದ್ದೇನೆ. ಉಳಿದ ನಾಲ್ಕು ತಲುಪುವ ಮುಂಚೆಯೇ ಮಕ್ಕಳ ಪರೀಕ್ಷೆ ಮುಗಿದಿತ್ತು.