ತರಗತಿಯ ಬ್ಲಾಗಿಗೆ ಯಾವ ಜಾಗ? ವರ್ಡ್‌ಪ್ರೆಸ್, ಬ್ಲಾಗರ್, ಎಜುಬ್ಲಾಗ್ಸ್, ಪ್ಯಾಡ್ಲೆಟ್ ಹೋಲಿಕೆ

ಆರರಿಂದ ಎಂಟನೇ ತರಗತಿಯ ಮಕ್ಕಳಿಂದ ಬ್ಲಾಗ್ ಬರೆಸಲು ಹೊರಟವರು ಸಾಮಾನ್ಯವಾಗಿ ಥೀಮ್ ಹೇಗಿದೆ, ಪುಕ್ಕಟೆ ಸಿಗುತ್ತದೆಯೇ, ಮೊಬೈಲಿನಲ್ಲಿ ಸರಿಯಾಗಿ ಕಾಣುತ್ತದೆಯೇ ಎಂದು ನೋಡಿ ಜಾಗ ಆರಿಸುತ್ತಾರೆ. ತೊಂದರೆ ಬರುವುದು ಬೇರೆ ಕಡೆಯಿಂದ. ‘ಪ್ರಕಟಿಸು’ ಗುಂಡಿ ಯಾರ ಕೈಯಲ್ಲಿದೆ? ಕಾಮೆಂಟ್ ಮೊದಲು ಯಾರ ಕಣ್ಣಿಗೆ ಬೀಳುತ್ತದೆ? ವಾರಕ್ಕೆ ಎಷ್ಟು ಬರಹ ಓದಲು ಒಬ್ಬ ಶಿಕ್ಷಕರಿಂದ ಆಗುತ್ತದೆ? ನಾಲ್ಕೂ ಕಡೆ ಮಕ್ಕಳಿಂದ ಬರೆಸಿ ನೋಡಿದ ಮೇಲೆ ಈ ಮೂರು ಪ್ರಶ್ನೆಗಳನ್ನೇ ಅಳತೆಗೋಲು ಮಾಡಿಕೊಂಡು ಹೋಲಿಸಿದ್ದೇವೆ.

ಮೂವತ್ತು ಬ್ಲಾಗೋ, ಒಂದೇ ಬ್ಲಾಗೋ

ಜಾಗ ಯಾವುದು ಎನ್ನುವುದಕ್ಕಿಂತ ಮೊದಲು ಇದು ತೀರ್ಮಾನವಾಗಬೇಕು. 30 ಮಕ್ಕಳು, ತಲೆಗೆ ವಾರಕ್ಕೊಂದು 150 ಪದಗಳ ಪೋಸ್ಟ್, ತಲೆಗೆ ಎರಡು ಕಾಮೆಂಟ್ ಎಂದಿಟ್ಟುಕೊಳ್ಳಿ. ಪೋಸ್ಟಿಗೆ 3 ನಿಮಿಷದಂತೆ 90 ನಿಮಿಷ, 60 ಕಾಮೆಂಟಿಗೆ ತಲಾ 20 ಸೆಕೆಂಡಿನಂತೆ 20 ನಿಮಿಷ. ಪ್ರತಿ ಮಗುವಿಗೂ ಸ್ವಂತ ಬ್ಲಾಗ್ ಇದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗಿಬರುವುದಕ್ಕೇ ಇನ್ನರ್ಧ ಗಂಟೆ ಸೇರಿಸಿ. ಎರಡು ತರಗತಿ ಇದ್ದರೆ ಎಲ್ಲವೂ ದುಪ್ಪಟ್ಟು. ಕೆಲವೇ ವಾರಗಳಲ್ಲಿ ಓದುವುದು ನಿಂತು, ಕಣ್ಣಾಡಿಸಿ ಒಪ್ಪಿಗೆ ಒತ್ತುವುದು ಶುರುವಾಗುತ್ತದೆ. ಮೇಷ್ಟ್ರು ಓದುತ್ತಿಲ್ಲ ಎನ್ನುವುದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ.

ಅದೇ 30 ಮಕ್ಕಳನ್ನು ಆರಾರು ಮಂದಿಯ ಐದು ಗುಂಪು ಮಾಡಿ, ವಾರಕ್ಕೊಂದು ಗುಂಪು ಪೋಸ್ಟ್ ಬರೆಯಲಿ. ಉಳಿದ 24 ಮಂದಿ ತಲಾ ಒಂದು ಕಾಮೆಂಟ್ ಹಾಕಲಿ. ಈಗ ಲೆಕ್ಕ 18 ನಿಮಿಷ ಮತ್ತು 8 ನಿಮಿಷ. ಪೋಸ್ಟ್ ಕಡಿಮೆಯಾದರೂ ಪ್ರತಿ ಪೋಸ್ಟಿಗೂ ಸರಾಸರಿ ನಾಲ್ಕು ಓದುಗರು ಖಚಿತ. ಸ್ವಂತ ಬ್ಲಾಗಿನಲ್ಲಿ ‘ಇದು ನನ್ನದು’ ಎಂಬ ಹೆಮ್ಮೆ ಇದೆ, ನಿಜ. ಆದರೆ ಮೂರು ಪೋಸ್ಟ್ ಆದಮೇಲೆ ಪಾಳು ಬಿದ್ದ ಬ್ಲಾಗುಗಳೇ ಹೆಚ್ಚು. ಮೊದಲ ಅರ್ಧ ವರ್ಷ ತರಗತಿಗೊಂದೇ ಬ್ಲಾಗ್ ಇರಲಿ. ಬರೆಯುವ ಚಟ ಹತ್ತಿದವರಿಗೆ ಮಾತ್ರ ಆಮೇಲೆ ಸ್ವಂತ ಬ್ಲಾಗ್ ಕೊಡಿ.

ವರ್ಡ್‌ಪ್ರೆಸ್

ಇಲ್ಲಿ ಬಳಕೆದಾರರಿಗೆ ಐದು ದರ್ಜೆ: ಅಡ್ಮಿನಿಸ್ಟ್ರೇಟರ್, ಎಡಿಟರ್, ಆಥರ್, ಕಾಂಟ್ರಿಬ್ಯೂಟರ್, ಸಬ್‌ಸ್ಕ್ರೈಬರ್. ಮಕ್ಕಳಿಗೆ ಕಾಂಟ್ರಿಬ್ಯೂಟರ್ ಕೊಡಬೇಕು. ಈ ದರ್ಜೆಯವರು ಬರೆಯಬಹುದು, ತಿದ್ದಬಹುದು, ಆದರೆ ಪ್ರಕಟಿಸಲಾರರು. ಬರೆದದ್ದನ್ನು ಒಪ್ಪಿಸಿದರೆ ‘ಪೆಂಡಿಂಗ್’ ಸಾಲಿನಲ್ಲಿ ನಿಲ್ಲುತ್ತದೆ, ಶಿಕ್ಷಕರು ಓದಿ ಬಿಡುಗಡೆ ಮಾಡುತ್ತಾರೆ. ಹಳೆಯ ಆವೃತ್ತಿಗಳೂ ಉಳಿಯುವುದರಿಂದ ಮೊದಲ ಕರಡಿನಿಂದ ಏನೇನು ಬದಲಾಯಿತು ಎಂದು ಮಗುವಿಗೇ ತೋರಿಸಬಹುದು. ನಾಲ್ಕರಲ್ಲಿ ಇದನ್ನೇ ಮೊದಲಿಗಿಡಲು ಈ ಒಂದು ವ್ಯವಸ್ಥೆಯೇ ಸಾಕು.

ಹಾಗಂತ ಎಲ್ಲವೂ ಸಲೀಸಲ್ಲ. ಕಾಂಟ್ರಿಬ್ಯೂಟರ್ ದರ್ಜೆಗೆ ಚಿತ್ರ ಅಪ್‌ಲೋಡ್ ಮಾಡುವ ಅಧಿಕಾರ ಇಲ್ಲ. ‘ಸಾರ್, ಫೋಟೊ ಹಾಕೋಕೆ ಆಗ್ತಿಲ್ಲ’ ಎಂಬ ದೂರು ಮೊದಲ ದಿನವೇ ಬರುತ್ತದೆ. ಸಿಟ್ಟಿನಲ್ಲಿ ಎಲ್ಲರನ್ನೂ ಆಥರ್ ಮಾಡಿಬಿಟ್ಟರೆ ಪ್ರಕಟಿಸುವ ಗುಂಡಿಯೂ ಜೊತೆಗೇ ಹೋಗುತ್ತದೆ. ಚಿತ್ರಗಳನ್ನು ಒಂದು ಹಂಚಿಕೊಂಡ ಫೋಲ್ಡರಿಗೆ ಹಾಕಿಸಿ, ಪೋಸ್ಟಿನಲ್ಲಿ ‘ಇಲ್ಲಿ ಚಿತ್ರ 2’ ಎಂದು ಬರೆಸಿ, ಒಪ್ಪಿಗೆ ಕೊಡುವಾಗ ಶಿಕ್ಷಕರೇ ಸೇರಿಸುವುದು ಒಳ್ಳೆಯದು. ಇದರಿಂದ ಇನ್ನೆರಡು ಕೆಲಸ ಆಗುತ್ತವೆ. ಫೋನಿನಿಂದ ಬಂದ 4-5 ಎಂಬಿ ಚಿತ್ರವನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಬಹುದು; ತೆಗೆದ ಜಾಗದ ಜಿಪಿಎಸ್ ಗುರುತು ಫೈಲಿನೊಳಗೆ ಅಡಗಿದ್ದರೆ ಅಳಿಸಬಹುದು. ಮನೆಯಲ್ಲಿ ತೆಗೆದ ಗಿಡದ ಫೋಟೊದೊಳಗೆ ಮನೆಯ ವಿಳಾಸವೇ ಇರಬಹುದು ಎಂಬುದು ದೊಡ್ಡವರಿಗೂ ಹೊಳೆಯುವುದಿಲ್ಲ.

ಇನ್ನೊಂದು ತೊಡಕು: ಪ್ರಕಟವಾದ ಮೇಲೆ ಕಾಂಟ್ರಿಬ್ಯೂಟರ್ ತನ್ನದೇ ಪೋಸ್ಟನ್ನು ತಿದ್ದಲಾರ. ಕಾಗುಣಿತ ತಪ್ಪು ಕಂಡರೆ ಶಿಕ್ಷಕರ ಹತ್ತಿರವೇ ಬರಬೇಕು. ತಿದ್ದಲೇಬೇಕೆಂದಿದ್ದರೆ ಪೋಸ್ಟನ್ನು ಮತ್ತೆ ಡ್ರಾಫ್ಟ್‌ಗೆ ಇಳಿಸಿ.

ಕಾಮೆಂಟಿನ ಸೆಟ್ಟಿಂಗ್ಸ್‌ನಲ್ಲಿ ಎರಡು ಕಡೆ ಜಾರುವ ಸಂಭವ ಹೆಚ್ಚು. ‘ಡಿಸ್ಕಶನ್’ ಪುಟದಲ್ಲಿ, ಹಿಂದೆ ಒಮ್ಮೆ ಒಪ್ಪಿಗೆ ಪಡೆದವರ ಕಾಮೆಂಟನ್ನು ತಡೆಯದೆ ಬಿಡುವ ಆಯ್ಕೆ ಮೊದಲೇ ಟಿಕ್ ಆಗಿರುತ್ತದೆ. ಅಂದರೆ ಮೊದಲ ಕಾಮೆಂಟ್ ಸಭ್ಯವಾಗಿದ್ದು ಒಪ್ಪಿಗೆಯಾದರೆ ಎರಡನೆಯದು ನೇರ ಒಳಗೆ. ಪ್ರತಿ ಕಾಮೆಂಟಿಗೂ ಕೈಯಾರೆ ಒಪ್ಪಿಗೆ ಬೇಕು ಎಂಬ ಇನ್ನೊಂದು ಟಿಕ್ ಹಾಕಲೇಬೇಕು. ಎರಡನೆಯದು ಹೆಚ್ಚು ಮಂದಿಗೆ ಗೊತ್ತಿಲ್ಲದ್ದು: ಆ ಟಿಕ್ ಇದ್ದರೂ, ಪೋಸ್ಟ್ ಬರೆದವರೇ ಲಾಗಿನ್ ಆಗಿ ತಮ್ಮ ಪೋಸ್ಟಿನ ಕೆಳಗೆ ಹಾಕುವ ಕಾಮೆಂಟ್ ತಡೆಯಿಲ್ಲದೆ ಪ್ರಕಟವಾಗುತ್ತದೆ. ಜಗಳ ಹುಟ್ಟುವುದು ಅಲ್ಲೇ, ತನ್ನ ಬರಹವನ್ನು ಟೀಕಿಸಿದವನಿಗೆ ಉತ್ತರ ಕೊಡುವಾಗ. ಇಡೀ ವಾರದ ಕಾಮೆಂಟ್ ಪಟ್ಟಿಯನ್ನು ದಿನಕ್ಕೊಮ್ಮೆ ನೋಡುವುದೇ ಇದಕ್ಕೆ ಉಪಾಯ. ಜೊತೆಗೆ ಹಳೆಯ ಪೋಸ್ಟಿನ ಕಾಮೆಂಟುಗಳು 14 ದಿನಕ್ಕೆ ತಾವಾಗಿಯೇ ಮುಚ್ಚಿಕೊಳ್ಳುವಂತೆ ಮಾಡಿ. ರಜೆಯಲ್ಲಿ ಸ್ಪ್ಯಾಮ್ ಕಾಟ ಬಹಳ ಇಳಿಯುತ್ತದೆ.

ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಟಿಕ್ ಬರೀ ಕೋರಿಕೆ, ಬೀಗವಲ್ಲ. ಲಿಂಕ್ ಸಿಕ್ಕವರೆಲ್ಲ ಓದಬಹುದು. ಮಕ್ಕಳ ಯೂಸರ್‌ನೇಮ್ ಲೇಖಕರ ಪುಟದ ವಿಳಾಸದಲ್ಲಿ ಕಾಣುವುದರಿಂದ ಅದರಲ್ಲಿ ಪೂರ್ತಿ ಹೆಸರು, ಹುಟ್ಟಿದ ವರ್ಷ ಇರಬಾರದು. ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಪುಕ್ಕಟೆ ಯೋಜನೆಯಲ್ಲಿ ಓದುಗರಿಗೆ ಜಾಹೀರಾತು ಕಾಣುತ್ತದೆ. ಶಾಲೆಯದೇ ಸರ್ವರಿನಲ್ಲಿ ಹಾಕಿಕೊಂಡರೆ ಜಾಹೀರಾತು ಇಲ್ಲ, ಆದರೆ ಅಪ್‌ಡೇಟ್, ಬ್ಯಾಕಪ್ ನೋಡಿಕೊಳ್ಳುವವರು ಒಬ್ಬರು ಬೇಕು. ಅಂಥವರು ಇಲ್ಲದಿದ್ದರೆ ಆ ಕಡೆ ಹೋಗದಿರುವುದೇ ಲೇಸು.

ಬ್ಲಾಗರ್

ಗೂಗಲ್‌ನ ಬ್ಲಾಗರ್ ಹತ್ತು ನಿಮಿಷದಲ್ಲಿ ಸಿದ್ಧ. ಒಂದು ಬ್ಲಾಗಿಗೆ 100 ಮಂದಿಯವರೆಗೆ ಸೇರಿಸಬಹುದು. ಆದರೆ ಇಲ್ಲಿ ಎರಡೇ ದರ್ಜೆ, ಅಡ್ಮಿನ್ ಮತ್ತು ಆಥರ್. ಆಥರ್ ಆದವರು ಯಾರನ್ನೂ ಕೇಳದೆ ಪ್ರಕಟಿಸಬಹುದು. ಕಾಮೆಂಟ್ ತಡೆದು ನೋಡುವ ವ್ಯವಸ್ಥೆ ಚೆನ್ನಾಗಿದೆ, ಪೋಸ್ಟ್ ತಡೆಯುವ ವ್ಯವಸ್ಥೆಯೇ ಇಲ್ಲ. ಹನ್ನೆರಡರ ವಯಸ್ಸಿಗೆ ಇದು ಉಲ್ಟಾ ಆಯಿತು.

ದಾರಿ ಒಂದಿದೆ. ಸೆಟ್ಟಿಂಗ್ಸ್‌ನಲ್ಲಿ ಇಮೇಲ್ ಮೂಲಕ ಪೋಸ್ಟ್ ಮಾಡುವ ಸೌಲಭ್ಯ ತೆರೆದು ಒಂದು ಗುಟ್ಟಿನ ವಿಳಾಸ ಮಾಡಿಕೊಳ್ಳಿ. ಬಂದ ಮೇಲ್ ತಕ್ಷಣ ಪ್ರಕಟವಾಗದೆ ಡ್ರಾಫ್ಟ್ ಆಗಿ ಉಳಿಯಲಿ ಎಂಬ ಆಯ್ಕೆ ಹಾಕಿ. ಮಕ್ಕಳು ಆ ವಿಳಾಸಕ್ಕೆ ಬರಹ ಕಳಿಸಿದರೆ ಮೇಲಿನ ವಿಷಯವೇ ತಲೆಬರಹ, ಒಳಗಿನದು ಪೋಸ್ಟ್. ಮಕ್ಕಳನ್ನು ಆಥರ್ ಮಾಡುವ ಗೊಡವೆಯೇ ಇಲ್ಲ. ಕೊರತೆ ಎರಡು: ಎಲ್ಲವೂ ಶಿಕ್ಷಕರ ಹೆಸರಿನಲ್ಲಿ ಬರುತ್ತದೆ, ಹಾಗಾಗಿ ಬರೆದವರ ಹೆಸರನ್ನು ಮೊದಲ ಸಾಲಿನಲ್ಲೇ ಬರೆಸಬೇಕು, ವಿಳಾಸ ಬಯಲಾದರೆ ಡ್ರಾಫ್ಟ್ ಪಟ್ಟಿ ಕಸದಿಂದ ತುಂಬುತ್ತದೆ, ಆಗ ವಿಳಾಸ ಬದಲಿಸಬೇಕು.

ಖಾಸಗಿ ಬ್ಲಾಗ್ ಮಾಡಿ ಆಯ್ದ ಓದುಗರಿಗೆ ಮಾತ್ರ ತೆರೆಯಬಹುದು, ಆದರೆ ಓದಲು ಬರುವ ಅಪ್ಪ-ಅಮ್ಮನಿಗೂ ಗೂಗಲ್ ಖಾತೆ ಬೇಕು. ಶಾಲೆಯ ಗೂಗಲ್ ಖಾತೆಗಳಿದ್ದರೆ ಬ್ಲಾಗರ್ ‘ಹೆಚ್ಚುವರಿ ಸೇವೆ’ಗಳ ಪಟ್ಟಿಯಲ್ಲಿರುತ್ತದೆ, ಶಾಲೆಯ ಅಡ್ಮಿನ್ ಅದನ್ನು ತೆರೆದಿದ್ದಾರೆಯೇ ಎಂದು ಪಾಠಕ್ಕೆ ಮೊದಲೇ ಒಂದು ವಿದ್ಯಾರ್ಥಿ ಖಾತೆಯಿಂದಲೇ ನೋಡಿ. ಶಿಕ್ಷಕರ ಖಾತೆಯಲ್ಲಿ ತೆರೆದದ್ದು ಮಕ್ಕಳ ಖಾತೆಯಲ್ಲಿ ತೆರೆಯಬೇಕೆಂದಿಲ್ಲ.

ಕನ್ನಡದಲ್ಲಿ ಬರೆಸುವಾಗ

ಕನ್ನಡ ತಲೆಬರಹ ಕೊಟ್ಟರೆ ಬ್ಲಾಗರ್ ಅದನ್ನು ಪುಟದ ವಿಳಾಸಕ್ಕೆ ತೆಗೆದುಕೊಳ್ಳುವುದಿಲ್ಲ. ಎಲ್ಲಾ ಪೋಸ್ಟುಗಳ ವಿಳಾಸವೂ ‘ಬ್ಲಾಗ್-ಪೋಸ್ಟ್’ ಎಂದಾಗಿ, ಮುಂದೆ ಬರೀ ಅಂಕಿ ಬದಲಾಗುತ್ತದೆ. ಪ್ರಕಟಿಸುವ ಮೊದಲೇ ಪರ್ಮಾಲಿಂಕ್‌ನಲ್ಲಿ (ಪೋಸ್ಟಿನ ಕಾಯಂ ವಿಳಾಸ) ಇಂಗ್ಲಿಷ್ ಅಕ್ಷರದ ಚಿಕ್ಕ ಹೆಸರು ಕೊಡಿ. ವರ್ಡ್‌ಪ್ರೆಸ್ ಕನ್ನಡವನ್ನು ವಿಳಾಸದಲ್ಲಿ ಉಳಿಸಿಕೊಳ್ಳುತ್ತದೆ, ಆದರೆ ಒಂದೊಂದು ಯುನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಚಿಹ್ನೆಯೂ ಶೇಕಡಾ ಗುರುತಿನ ಸಂಕೇತವಾಗಿ ಒಂಬತ್ತು ಜಾಗ ನುಂಗುತ್ತದೆ. ವಿಳಾಸದ ಈ ಭಾಗಕ್ಕಿರುವ 200 ಜಾಗದ ಮಿತಿಯಲ್ಲಿ 22 ಚಿಹ್ನೆಗಳಿಗೆ ವಿಳಾಸ ತುಂಡಾಗುತ್ತದೆ. ಒತ್ತು, ಕೊಂಬು, ದೀರ್ಘ ಎಲ್ಲವೂ ಲೆಕ್ಕಕ್ಕೆ ಸೇರುವುದರಿಂದ ಮೂರ್ನಾಲ್ಕು ಪದ ದಾಟುವುದಿಲ್ಲ. ಆ ಲಿಂಕನ್ನು ಮೆಸೇಜಿನಲ್ಲಿ ಹಂಚಿದರೆ ನೋಡಿದವರು ವೈರಸ್ ಅಂದುಕೊಳ್ಳುತ್ತಾರೆ. ಇಲ್ಲೂ ಚಿಕ್ಕ ಇಂಗ್ಲಿಷ್ ಹೆಸರೇ ವಾಸಿ.

ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಬ್ಲಾಗಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫಾಂಟ್ ಬದಲಿಸಿದರೆ ಸರಿಹೋಗದು. ಯುನಿಕೋಡಿಗೆ ಪರಿವರ್ತಿಸಿಯೇ ಅಂಟಿಸಬೇಕು.

ಎಜುಬ್ಲಾಗ್ಸ್, ಪ್ಯಾಡ್ಲೆಟ್

ಎಜುಬ್ಲಾಗ್ಸ್ ಶಾಲೆಗಳಿಗೆಂದೇ 2005ರಲ್ಲಿ ಶುರುವಾದದ್ದು, ಒಳಗಿರುವುದು ವರ್ಡ್‌ಪ್ರೆಸ್ಸೇ. ಮಕ್ಕಳ ಸ್ವಂತ ಬ್ಲಾಗುಗಳನ್ನು ‘ಮೈ ಕ್ಲಾಸ್’ ಎಂಬಲ್ಲಿ ತರಗತಿಯ ಬ್ಲಾಗಿಗೆ ಜೋಡಿಸಿ, ಪೋಸ್ಟಿಗೂ ಕಾಮೆಂಟಿಗೂ ಒಪ್ಪಿಗೆ ಬೇಕೇ, ಯಾರು ಓದಬಹುದು ಎಂಬುದನ್ನು ಒಂದೇ ಕಡೆ ಹೊಂದಿಸಬಹುದು. ಇಮೇಲ್ ಇಲ್ಲದ ಮಕ್ಕಳಿಗೂ ಶಿಕ್ಷಕರೇ ಖಾತೆ ಮಾಡಿಕೊಡಬಹುದು. ಪ್ರತಿ ಮಗುವಿಗೂ ಬ್ಲಾಗ್ ಬೇಕೇ ಬೇಕು ಎನ್ನುವವರಿಗೆ ನಾಲ್ಕರಲ್ಲಿ ಇದೊಂದೇ ನಿಭಾಯಿಸಬಲ್ಲ ದಾರಿ.

ಪ್ಯಾಡ್ಲೆಟ್ ಬ್ಲಾಗೇ ಅಲ್ಲ, ಗೋಡೆಗೆ ಚೀಟಿ ಅಂಟಿಸುವ ಹಾಗೆ. ಒಪ್ಪಿಗೆಯಾದ ಮೇಲೇ ಕಾಣಿಸುವ ಸೆಟ್ಟಿಂಗ್ ಇದೆ, ಅಷ್ಟು ಸಾಕು. ಲಾಗಿನ್ ಆಗದೆ ಬರೆದರೆ ‘ಅನಾನಿಮಸ್’ ಎಂದು ಬರುತ್ತದೆ, ಮೂವತ್ತು ಅನಾಮಧೇಯರ ನಡುವೆ ಯಾರದು ಯಾವುದು ಎಂದು ಹುಡುಕುವುದು ದೊಡ್ಡ ತಲೆನೋವು. 40-50 ಪದ ದಾಟಿದ ಬರಹ ಅಲ್ಲಿ ಓದುವುದಕ್ಕಾಗದು. ಕಾಮೆಂಟ್ ಅಭ್ಯಾಸಕ್ಕೆ ಒಂದೆರಡು ವಾರ ಬಳಸಿ ಬಿಡಬಹುದು. ಅದಕ್ಕೂ ಕಾಗದ ಮತ್ತು ಅಂಟುಚೀಟಿ ಸಾಕು ಎನ್ನುವುದು ನಮ್ಮ ಅಭಿಪ್ರಾಯ: ಒಂದು ಹಾಳೆಯಲ್ಲಿ ಪೋಸ್ಟ್, ಸುತ್ತಲೂ ಚೀಟಿಗಳಲ್ಲಿ ಕಾಮೆಂಟ್. ಏನೇ ತಪ್ಪಾದರೂ ತರಗತಿಯಿಂದ ಆಚೆ ಹೋಗುವುದಿಲ್ಲ.

ವಯಸ್ಸು, ಖಾತೆ, ಪಾಸ್‌ವರ್ಡ್

ಸ್ವಂತವಾಗಿ ಗೂಗಲ್ ಖಾತೆ ತೆರೆಯಲು ಬಹುತೇಕ ದೇಶಗಳಲ್ಲಿ 13 ತುಂಬಿರಬೇಕು. ಆರನೇ ತರಗತಿಯವರಿಗೆ ತುಂಬಿರುವುದಿಲ್ಲ. ಹುಟ್ಟಿದ ವರ್ಷ ಸುಳ್ಳು ಹಾಕಿಸುವ ರೂಢಿ ಬೇಡ. ಮಕ್ಕಳ ವಿವರ ಪಡೆಯಲು ಪೋಷಕರ ಒಪ್ಪಿಗೆ ಬೇಕಾಗುವ ವಯಸ್ಸಿನ ಗೆರೆ, ಮಕ್ಕಳ ಆನ್‌ಲೈನ್ ಖಾಸಗಿತನಕ್ಕೆಂದಿರುವ ಅಮೆರಿಕದ 1998ರ ಕೊಪ್ಪಾ ಕಾಯ್ದೆಯಲ್ಲಿ 13. ಯುರೋಪಿನ ದತ್ತಾಂಶ ರಕ್ಷಣೆಯ ಕಾನೂನಾದ ಜಿಡಿಪಿಆರ್‌ನಲ್ಲಿ 16, ದೇಶಗಳು ಬೇಕಿದ್ದರೆ 13ಕ್ಕೆ ಇಳಿಸಬಹುದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18ರ ಒಳಗಿನವರೆಲ್ಲ ಮಕ್ಕಳೇ. ಎಲ್ಲಿಯೇ ಆಗಲಿ ಪೋಷಕರ ಒಪ್ಪಿಗೆ ಪತ್ರದಲ್ಲಿ ಮೊದಲ ಹೆಸರು, ಮುಖದ ಫೋಟೊ, ಹೊರಗಿನವರ ಓದು, ಹೊರಗಿನವರ ಕಾಮೆಂಟ್ ಈ ನಾಲ್ಕಕ್ಕೂ ಬೇರೆ ಬೇರೆ ಸಹಿ ಜಾಗ ಇರಲಿ. ಒಟ್ಟಿಗೆ ಕೇಳಿದರೆ ಫೋಟೊ ಬೇಡ ಎನ್ನುವವರು ಎಲ್ಲದಕ್ಕೂ ಬೇಡ ಎನ್ನುತ್ತಾರೆ.

ವರ್ಡ್‌ಪ್ರೆಸ್‌ನಲ್ಲಿ ಪ್ರತಿ ಖಾತೆಗೂ ಬೇರೆ ಇಮೇಲ್ ಬೇಕು. ಶಿಕ್ಷಕರ ಜಿಮೇಲ್ ವಿಳಾಸದಲ್ಲಿ @ ಗುರುತಿಗೆ ಮುಂಚೆ +01, +02 ಎಂದು ಸೇರಿಸುತ್ತಾ ಹೋದರೆ ವರ್ಡ್‌ಪ್ರೆಸ್ ಅವನ್ನು ಬೇರೆ ಬೇರೆ ಎಂದು ಒಪ್ಪುತ್ತದೆ, ಮೇಲ್ ಮಾತ್ರ ಎಲ್ಲವೂ ಶಿಕ್ಷಕರಿಗೇ ಬರುತ್ತದೆ. ಪಾಸ್‌ವರ್ಡ್ ಮರೆತವರನ್ನು ಕೂತಲ್ಲೇ ಒಳಗೆ ಕಳಿಸಬಹುದು. ಗುಂಪಿಗೊಂದೇ ಖಾತೆ ಕೊಡಬೇಡಿ. ಒಂದೇ ಖಾತೆಯಿಂದ ನಾಲ್ವರು ಒಟ್ಟಿಗೆ ಒಂದೇ ಪೋಸ್ಟ್ ತಿದ್ದಿದರೆ ಕೊನೆಗೆ ಸೇವ್ ಮಾಡಿದವರದ್ದು ಮಾತ್ರ ಉಳಿಯುತ್ತದೆ. ಲ್ಯಾಬ್‌ನ ಕಂಪ್ಯೂಟರಿನಲ್ಲಿ ಲಾಗ್‌ಔಟ್ ಆಗದೆ ಎದ್ದರೆ ಮುಂದಿನ ಪೀರಿಯಡ್‌ನವರು ಇವರ ಹೆಸರಿನಲ್ಲಿ ಬರೆಯುತ್ತಾರೆ. ಕೊನೆಯ ಮೂರು ನಿಮಿಷ ಲಾಗ್‌ಔಟ್‌ಗೆಂದೇ ಮೀಸಲಿಡಿ.

ಕಾಮೆಂಟ್

ಬಿಟ್ಟರೆ ಬರುವುದೆಲ್ಲ ‘ಸೂಪರ್’, ‘ಚೆನ್ನಾಗಿದೆ’. ಇವಕ್ಕೆ ಒಪ್ಪಿಗೆ ಕೊಡಬೇಡಿ. ಪೋಸ್ಟಿನ ಒಂದು ವಿಷಯ ಹೆಸರಿಸು, ನಿನ್ನದೊಂದು ಸೇರಿಸು, ಒಂದು ಪ್ರಶ್ನೆ ಕೇಳು: ಇಷ್ಟೇ ನಿಯಮ. ಕಾಳು ಮೊಳೆಯುವುದರ ಬಗ್ಗೆ ಬರೆದ ಪೋಸ್ಟಿಗೆ ಹೀಗೆ: ‘ಮೂರನೇ ದಿನ ಬೇರು ಬಂತು ಅಂತ ಬರೆದಿದ್ದೀಯ. ನನ್ನ ಬಟ್ಟಲಿನಲ್ಲಿ ಸಿಪ್ಪೆ ಬಿರಿದದ್ದೇ ಐದನೇ ದಿನ. ನೀನು ಮೊದಲೇ ನೆನೆಹಾಕಿದ್ದೆಯಾ?’ ಇದಕ್ಕೆ ಉತ್ತರ ಬರೆಯಲೇಬೇಕಾಗುತ್ತದೆ, ಹಾಗೆ ಪೋಸ್ಟ್ ಮುಂದುವರಿಯುತ್ತದೆ. ಹೊರಗಿನ ಓದುಗರು ಬೇಕಿದ್ದರೆ ಕ್ವಾಡ್‌ಬ್ಲಾಗಿಂಗ್ ಎಂಬ ಪದ್ಧತಿ ಇದೆ: ನಾಲ್ಕು ಶಾಲೆಯ ನಾಲ್ಕು ತರಗತಿ, ನಾಲ್ಕು ವಾರ, ವಾರಕ್ಕೊಂದು ತರಗತಿಯ ಬ್ಲಾಗಿಗೆ ಉಳಿದ ಮೂರು ತರಗತಿಯವರು ಬಂದು ಕಾಮೆಂಟ್ ಹಾಕುತ್ತಾರೆ. ಅಪರಿಚಿತರಿಗೆ ಬಾಗಿಲು ತೆರೆಯದೆಯೇ ಓದುಗರು ಸಿಗುತ್ತಾರೆ.

ವರ್ಷದ ಕೊನೆಗೆ

ಪುಕ್ಕಟೆ ಸೇವೆಗಳು ಮುಚ್ಚುವುದುಂಟು. ಪೋಸ್ಟರಸ್ ಎಂಬ ಬ್ಲಾಗ್ ಸೇವೆ 2013ರಲ್ಲಿ, ಶಾಲೆಗಳು ಬಳಸುತ್ತಿದ್ದ ವಿಕಿಸ್ಪೇಸಸ್‌ನ ತರಗತಿ ತಾಣಗಳು 2018ರಲ್ಲಿ ಹೋದವು. ವರ್ಡ್‌ಪ್ರೆಸ್‌ನ ‘ಎಕ್ಸ್‌ಪೋರ್ಟ್’ ಕೊಡುವ ಎಕ್ಸ್‌ಎಮ್‌ಎಲ್ ಫೈಲಿನಲ್ಲಿ ಬರಹ, ಕಾಮೆಂಟ್ ಇರುತ್ತವೆ, ಚಿತ್ರಗಳ ಲಿಂಕ್ ಮಾತ್ರ ಇರುತ್ತದೆ. ಚಿತ್ರದ ಫೋಲ್ಡರ್ ಬೇರೆಯಾಗಿ ಇಳಿಸಿಕೊಳ್ಳಬೇಕು. ಬ್ಲಾಗರ್‌ನ ಬ್ಯಾಕಪ್ಪೂ ಹೀಗೆಯೇ. ಪ್ಯಾಡ್ಲೆಟ್ ಆದರೆ ಪಿಡಿಎಫ್ ಮಾಡಿಟ್ಟುಕೊಳ್ಳಿ. ಶಾಲೆಯದೇ ವರ್ಡ್‌ಪ್ರೆಸ್‌ನಲ್ಲಿ ಶಾಲೆ ಬಿಟ್ಟ ಮಕ್ಕಳ ಖಾತೆ ತೆಗೆಯುವಾಗ ಅವರು ಬರೆದದ್ದನ್ನೆಲ್ಲ ಅಳಿಸಬೇಕೇ, ಬೇರೊಬ್ಬರ ಹೆಸರಿಗೆ ವರ್ಗಾಯಿಸಬೇಕೇ ಎಂಬ ಪ್ರಶ್ನೆ ಬರುತ್ತದೆ. ಬರಹ ಉಳಿಯಬೇಕಿದ್ದರೆ ‘ಹಳೆಯ ವಿದ್ಯಾರ್ಥಿಗಳು’ ಎಂಬ ಒಂದು ಖಾತೆ ಮೊದಲೇ ಮಾಡಿಟ್ಟು ಅದಕ್ಕೆ ವರ್ಗಾಯಿಸಿ. ಅಳಿಸು ಎಂದು ಒತ್ತಿದರೆ ಪೋಸ್ಟುಗಳೂ ಹೋಗುತ್ತವೆ, ಅವುಗಳ ಕೆಳಗೆ ಬೇರೆ ಮಕ್ಕಳು ಬರೆದ ಕಾಮೆಂಟುಗಳೂ ಹೋಗುತ್ತವೆ.